ಕಾಂಡ್ಲಾ, ಕಂಡಲ್

ನಮ್ಮ ಕಡೆ ಹೊಳೆಬದಿಯ ಮನೆಗಳಲ್ಲಿ ಕಾಂಡ್ಲಾ ಗಿಡಕ್ಕೆ ದೊಡ್ಡ ಮರ್ಯಾದೆಯೇನೂ ಇಲ್ಲ. ಕೆಸರು, ಸೊಳ್ಳೆ, ಹಾವು ಎನ್ನುವಾಗಲೇ ಅದರ ಹೆಸರೂ ಬರುವುದು. ಜಾಗಕ್ಕೆ ಬೆಲೆ ಬಂದ ಮೇಲಂತೂ ಅದನ್ನು ಕಡಿದು ಮಣ್ಣು ತುಂಬಿಸಿದವನೇ ಜಾಣ. ಶಿರಿಯಾ ಹೊಳೆಯ ದಂಡೆಯಲ್ಲಿರುವ ನಮ್ಮ ಹಿತ್ತಿಲಲ್ಲೂ ಕಾಂಡ್ಲಾದ ಒಂದು ಪಟ್ಟಿ ಉಳಿದಿದೆ. ಅದನ್ನು ತೆಗೆಸಿ ಉದ್ದಕ್ಕೂ ಮುರಕಲ್ಲಿನ ಗೋಡೆ ಕಟ್ಟಿಸಬೇಕೆಂದು ಅಣ್ಣ ಹೇಳುತ್ತಲೇ ಇದ್ದ. ಮಳೆಗಾಲದಲ್ಲಿ ದಂಡೆ ಕುಸಿಯುವುದನ್ನು ಕಂಡವರು ಅವನ ಹೆದರಿಕೆಯನ್ನು ತಳ್ಳಿಹಾಕುವಂತಿಲ್ಲ. ಜಾಗವಿರುವುದು ಅಮ್ಮನ ಹೆಸರಿನಲ್ಲಿ. ಅಮ್ಮ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ.

ಕಳೆದ ಡಿಸೆಂಬರಿನಲ್ಲಿ ಪಯ್ಯನ್ನೂರಿಗೆ ಒಂದು ಮದುವೆಗೆ ಹೋಗಿದ್ದೆವು. ಮರುದಿನ ನೆಂಟರೇ ನಮ್ಮನ್ನು ಕವ್ವಾಯಿ ಕಾಯಲಿನ ಕಂಡಲ್ ಕಾಡು ತೋರಿಸುವ ದೋಣಿ ಹತ್ತಿಸಿದರು. ಕೇರಳದಲ್ಲಿ ಉಳಿದಿರುವ ಕಂಡಲ್ ಕಾಡಿನ ಅತಿ ದೊಡ್ಡ ಪಾಲು ಕಣ್ಣೂರು ಜಿಲ್ಲೆಯದು. 1956ರ ತನಕ ದಕ್ಷಿಣ ಕನ್ನಡ ಜಿಲ್ಲೆ ತೃಕ್ಕರಿಪುರದ ವರೆಗೂ ಇತ್ತು, ಪಯ್ಯನ್ನೂರು ಮಲಬಾರಿನದು. ಹಾಗಾಗಿ ಹಳೆಯ ಗಡಿಯ ನೀರಿನಲ್ಲೇ ನಮ್ಮ ಪ್ರಯಾಣ.

ದಾರಿ ತೋರಿಸಲು ಬಂದವನು ಕೊರಳಿಗೆ ಬೈನಾಕ್ಯುಲರ್ ತೂಗುಹಾಕಿಕೊಂಡ ತರುಣ. ಅವನದು ಮಲಯಾಳ, ಅಮ್ಮನದು ಕನ್ನಡ. ನಾನು ನಡುವೆ ಭಾಷಾಂತರಕ್ಕೆ ಸಿದ್ಧನಾಗಿ ಕುಳಿತಿದ್ದೆ, ಕೆಲಸವೇ ಬೀಳಲಿಲ್ಲ. ಅವನು “ಚುಳ್ಳಿ” ಎಂದು ಮುಳ್ಳಿನ ಪೊದೆಯೊಂದನ್ನು ತೋರಿಸಿದರೆ ಅಮ್ಮ “ಹೊಳೆಚುಳ್ಳಿ” ಎಂದರು. ಅವನು “ನೀರ್ಕಾಕ್ಕ” ಎಂದಾಗ ನಮ್ಮ ನೀರುಕಾಗೆ ಗೂಟದ ಮೇಲೆ ರೆಕ್ಕೆ ಒಣಗಿಸುತ್ತಿತ್ತು. ಉಪ್ಪಟ್ಟಿಯ ಎಲೆ ಕಿತ್ತು ಕೊಟ್ಟ. ಬೇರು ಹೀರಿದ ಉಪ್ಪನ್ನು ಈ ಮರ ಎಲೆಯ ಮೂಲಕ ಹೊರಹಾಕುತ್ತದೆ. ಅಮ್ಮ ನಾಲಗೆಗೆ ಮುಟ್ಟಿಸಿ, “ಹೆಸರಿಟ್ಟವರು ಸುಳ್ಳು ಹೇಳಲಿಲ್ಲ” ಎಂದು ನಕ್ಕರು. ಬುಡದ ಸುತ್ತ ಪೆನ್ಸಿಲಿನಂತೆ ಮೇಲೆದ್ದ ಬೇರುಗಳು ಗಾಳಿ ಎಳೆದುಕೊಳ್ಳುವುದಕ್ಕಾಗಿ. ಕೆಸರಿನೊಳಗೆ ಉಸಿರಿಗೆ ದಾರಿಯಿಲ್ಲ.

ಕಿರಿದಾದ ತೋಡಿಗೆ ತಿರುಗಿದಾಗ ಎಂಜಿನ್ ನಿಲ್ಲಿಸಿ ಹುಟ್ಟು ಹಾಕಿದರು. ತರುಣ ಬಾಯಿಯ ಮೇಲೆ ಬೆರಳಿಟ್ಟ. ಬೇರುಗಳ ಎಡೆಯಿಂದ ನೀರುನಾಯಿಯೊಂದು ತಲೆಯೆತ್ತಿ ನಮ್ಮನ್ನು ನೋಡಿ ಮುಳುಗಿತು. ಮತ್ತೆ ಕಾಣಿಸಲಿಲ್ಲ. ಕೆಸರಿನ ಮೇಲೆ ಒಂದೇ ಕೊಂಬು ದೊಡ್ಡದಾದ ಪುಟ್ಟ ಏಡಿಗಳು ಮಾತ್ರ ನಮ್ಮನ್ನು ಲೆಕ್ಕಿಸದೆ ಓಡಾಡುತ್ತಿದ್ದವು.

ಅಲ್ಲಿ ಕಾಂಡದಿಂದ ಬಿಲ್ಲಿನಂತೆ ಬಾಗಿ ಎಲ್ಲ ಕಡೆಗೂ ಬೇರಿಳಿಸಿದ ಮರವೊಂದಿತ್ತು. ಮಲಯಾಳದಲ್ಲಿ ಅದು ಭ್ರಾಂತನ್ ಕಂಡಲ್, ಅಂದರೆ ಹುಚ್ಚು ಕಾಂಡ್ಲಾ. ಅಮ್ಮನಿಗೆ ಹೆಸರು ಒಪ್ಪಿಗೆಯಾಗಲಿಲ್ಲ. “ಕಾಲು ಅಗಲಿಸಿ ನಿಂತದ್ದಕ್ಕೇ ಅಲ್ಲವೇ ಬೀಳದೆ ಉಳಿದದ್ದು?” ಎಂದರು. ಆಮೇಲೆ ಅವರು ಕೇಳಿದ ಪ್ರಶ್ನೆ ನನಗೆ ಅನಿರೀಕ್ಷಿತ: “ಮಗಾ, ಇದನ್ನು ಕಡಿದು ಕಲ್ಲಿನ ಗೋಡೆ ಕಟ್ಟಿದರೆ ಏನಾಗುತ್ತದೆ?”

ಅವನು ನಿಧಾನವಾಗಿ ವಿವರಿಸಿದ. ಬೇರುಗಳ ನಡುವೆ ಹೊಕ್ಕ ತೆರೆ ಸೋತು ನಿಲ್ಲುತ್ತದೆ. ತಂದ ಮಣ್ಣನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಗೋಡೆಗೆ ಬಡಿದ ತೆರೆ ಹಿಂದಕ್ಕೆ ಪುಟಿದು ಗೋಡೆಯ ಬುಡವನ್ನೇ ಕೊರೆಯುತ್ತದೆ. ಗೋಡೆ ಮುಗಿದಲ್ಲಿ ನೆರೆಯವರ ದಂಡೆ ತಿನ್ನುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಪಳಯಂಗಾಡಿ ಕಡೆಯ ಕಲ್ಲೇನ್ ಪೊಕ್ಕುಡನ್ (1937–2015) ಅವರ ಕಥೆಯನ್ನೂ ಹೇಳಿದ. ದಲಿತ ಕೃಷಿಕಾರ್ಮಿಕರ ಮನೆಯಲ್ಲಿ ಹುಟ್ಟಿದ ಅವರು 1989ರಿಂದ ಹೊಳೆಬದಿಯಲ್ಲಿ ಕಂಡಲ್ ನೆಡುತ್ತಾ ಹೋದವರು. ಕಂಡಲ್ ಪೊಕ್ಕುಡನ್ ಎಂದೇ ಹೆಸರಾದವರು. 2002ರಲ್ಲಿ ಅವರ ಆತ್ಮಕಥೆ ಮಲಯಾಳದಲ್ಲಿ ಬಂದಿದೆ.

ಮನೆಗೆ ಬಂದ ಮೇಲೆ ಅಮ್ಮ ಅಣ್ಣನನ್ನು ಹಿತ್ತಿಲಿಗೆ ಕರೆದರು. ದಂಡೆ ಕುಸಿದದ್ದು ಎಲ್ಲಿ ಎಂದು ಕೇಳಿದರು. ಕುಸಿದದ್ದು ಕಾಂಡ್ಲಾ ಇದ್ದಲ್ಲಿ ಅಲ್ಲ. ಹಿಂದೆ ದೋಣಿ ಕಟ್ಟಲೆಂದು ತೆರವು ಮಾಡಿದ ಜಾಗದಲ್ಲಿ. ಕರಾವಳಿ ನಿಯಂತ್ರಣ ವಲಯದ 2011ರ ಮತ್ತು 2019ರ ಅಧಿಸೂಚನೆಗಳೆರಡೂ ಕಾಂಡ್ಲಾ ಕಾಡನ್ನು ಅತಿ ಬಿಗಿಯಾದ ಮೊದಲ ವರ್ಗದಲ್ಲಿ ಸೇರಿಸಿವೆ ಎಂದು ನಾನೂ ಹೇಳಿದೆ. ಅಣ್ಣನ ಮೇಲೆ ಕಾನೂನಿಗಿಂತ ಅಮ್ಮ ತೋರಿಸಿದ ಬೆರಳೇ ಹೆಚ್ಚು ಕೆಲಸ ಮಾಡಿತು.

ಕಾಂಡ್ಲಾದ ಬೀಜ ಮರದಲ್ಲಿರುವಾಗಲೇ ಮೊಳೆತು ನುಗ್ಗೆಕೋಡಿನಂತೆ ತೂಗುತ್ತದೆ. ಮಳೆಗಾಲದಲ್ಲಿ ನಮ್ಮದೇ ಮರದಿಂದ ಉದುರಿದ 20 ಕೋಡುಗಳನ್ನು ಅಮ್ಮನೂ ನಾನೂ ಇಳಿತದ ಹೊತ್ತಿಗೆ ತೆರವಾದ ಜಾಗದ ಕೆಸರಿನಲ್ಲಿ ಊರಿದೆವು. ಹೊಳೆ ಕೆಲವನ್ನು ಒಯ್ದಿತು, 11 ನಿಂತಿವೆ. “ಇನ್ನು ಎರಡು ಮಳೆಗಾಲ ನೋಡುತ್ತೇನೆ, ಆಮೇಲೆ ಗೋಡೆ” ಎಂದು ಅಣ್ಣ ಈಗಲೂ ಹೇಳುತ್ತಾನೆ. ಆದರೆ ದನ ಬಾಯಿ ಹಾಕದಂತೆ ಅವಕ್ಕೆ ಬಿದಿರಿನ ಬೇಲಿ ಕಟ್ಟಿದವನು ಅವನೇ.