ಬೇಳೆಯೂ ಹವಳವೂ

ನಮ್ಮ ರಾಮದುರ್ಗದ ಮನೆಯಲ್ಲಿ ನೀರಿನ ಪರೀಕ್ಷೆಯೆಂದರೆ ತೊಗರಿಬೇಳೆ. ಬೇಗನೆ ಬೆಂದರೆ ಸಿಹಿನೀರು, ಬೇಯದಿದ್ದರೆ ಸವಳು. ಮಲಪ್ರಭೆಯ ನೀರನ್ನಾಗಲಿ ಬಾವಿಯ ನೀರನ್ನಾಗಲಿ ತಾಯಿಯವರು ಹೀಗೆಯೇ ಪರೀಕ್ಷಿಸುತ್ತಿದ್ದರು.

ಕಳೆದ ವರ್ಷ ಪರದೇಶದಲ್ಲಿರುವ ಮಗನ ಮನೆಗೆ ಹೋದಾಗ ಬೇರೊಂದು ಪರೀಕ್ಷೆಯನ್ನು ಕಂಡೆನು. ಅವನು ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಹವಳದ ಜೀವಿಗಳನ್ನು ಸಾಕಿದ್ದಾನೆ. ಬೇಳೆಗೆ ವೈರಿಯಾದ ಸುಣ್ಣವೇ ಹವಳಕ್ಕೆ ಜೀವ! ತಮ್ಮ ಸುಣ್ಣದ ಗೂಡು ಕಟ್ಟಲು ಅವು ನೀರಿನ ಕ್ಷಾರವನ್ನು ದಿನವೂ ಹೀರುವುದರಿಂದ ಅದನ್ನು ಅಳೆದು ತುಂಬುತ್ತಿರಬೇಕು. ಅದಕ್ಕೊಂದು ಯಂತ್ರವಿದೆ. ಹೊತ್ತುಹೊತ್ತಿಗೆ ತಾನೇ ನೀರನ್ನು ಸೆಳೆದು, ಆಮ್ಲವನ್ನು ಹನಿಹನಿಯಾಗಿ ಬೆರೆಸಿ, ಎಷ್ಟು ಆಮ್ಲಕ್ಕೆ ಕ್ಷಾರ ತೀರಿತೆಂದು ಲೆಕ್ಕ ಹೇಳುತ್ತದೆ. ಕೊರತೆ ಕಂಡರೆ ಪಂಪು ಕ್ಷಾರವನ್ನು ಸುರಿಯುತ್ತದೆ. ಮಗನಿಗೆ ಅದರಲ್ಲಿ ಪೂರ್ಣ ನಂಬಿಗೆ.

ಯಂತ್ರವು 8 ಡಿಗ್ರಿ ಎನ್ನುತ್ತಿದ್ದಿತು. ಆದರೂ ಹವಳದ ತುದಿಯೊಂದು ಬಿಳಿಚಿದ್ದನ್ನು ಸೊಸೆ ಕಂಡಳು. “ಅತ್ತೀ, ನೀವು ಹನಿ ಎಣಸ್ರಿ” ಎಂದು ಸೀಸೆಯನ್ನು ಹಿಡಿದಳು. ಹನಿಗೊಂದು ಡಿಗ್ರಿ. ಬಣ್ಣ ತಿರುಗಿದ್ದು 5ನೆಯ ಹನಿಗೇ! ಆಮ್ಲದ ನಳಿಕೆಯಲ್ಲಿ ಗಾಳಿ ಸೇರಿದ್ದಿತು. ಯಂತ್ರವು ಗಾಳಿಯನ್ನೂ ಆಮ್ಲವೆಂದು ಎಣಿಸಿ ಕ್ಷಾರ ಸಾಕಷ್ಟಿದೆಯೆಂದು ಸುಮ್ಮನಿದ್ದಿತು.

ಮಗನು ಮಾತಿಲ್ಲದೆ ನಳಿಕೆಯನ್ನು ಸರಿಪಡಿಸಿದನು. ಈಗ ರವಿವಾರಕ್ಕೊಮ್ಮೆ ತಾನೇ ಹನಿ ಎಣಿಸುತ್ತಾನಂತೆ. ಬಿಳಿಚಿದ ಆ ತುದಿ ಮಾತ್ರ ಮತ್ತೆ ಬಣ್ಣಗೂಡಲಿಲ್ಲ.