ಬಹುಮಾನಕ್ಕೆ ಒಂದು ನಾಯಿ

ನಮ್ಮ ಕಾಸರಗೋಡಿನ ಮಧೂರು ದೇವಸ್ಥಾನಕ್ಕೆ ಹೋದವರು ಅಪ್ಪ ತಾರದೆ ಮನೆಗೆ ಬಂದರೆ ನಮ್ಮ ಕಡೆ ಅವರನ್ನು ಸುಲಭಕ್ಕೆ ಬಿಡುವುದಿಲ್ಲ. ‘ಗಣಪತಿಯನ್ನು ಕಂಡದ್ದು ಹೌದಾ?’ ಎಂದೇ ಕೇಳುತ್ತಾರೆ. ಅಕ್ಕಿ, ಬೆಲ್ಲ ಕೂಡಿ ತುಪ್ಪದಲ್ಲಿ ಬೆಂದ ಕಂದು ಬಣ್ಣದ ಆ ಅಪ್ಪದ ಅಂಚು ಗರಿಗರಿ, ನಡು ಮೆತ್ತಗೆ. ಎಲೆಯಲ್ಲಿ ಕಟ್ಟಿ ತಂದರೆ ಮನೆ ಮುಟ್ಟುವಾಗ ಎಲೆಗೂ ತುಪ್ಪದ ಪಸೆ ಹತ್ತಿರುತ್ತದೆ. 2025ರಲ್ಲಿ ಮೂಡಪ್ಪ ಸೇವೆ ನಡೆಯಿತಲ್ಲ, ಮೂರ್ತಿಯೇ ಮುಚ್ಚಿಹೋಗುವಷ್ಟು ಅಪ್ಪ! ಅದರ ಹಿಂದಿನದು ಆದದ್ದು 1992ರಲ್ಲಿ. ಎರಡನ್ನೂ ನೋಡಿದವರು ನಮ್ಮ ಊರಲ್ಲಿ ಇದ್ದಾರೆ. ಅವರೊಟ್ಟಿಗೆ ಮಾತಿಗೆ ಕೂತರೆ ಊಟದ ಹೊತ್ತು ಮೀರುವುದು ಖಂಡಿತ.

ಈ ಅಪ್ಪದ ವಿಷಯ ಯಾಕೆ ಬಂತೆಂದರೆ, ನೆರೆಮನೆಯ ಹುಡುಗಿಯೊಬ್ಬಳು ಮೊನ್ನೆ ಜಗಲಿಗೆ ಬಂದು ‘ರಿವಾರ್ಡ್’ ಎಂಬುದಕ್ಕೆ ಕನ್ನಡದಲ್ಲಿ ಎಷ್ಟು ಶಬ್ದ ಉಂಟು ಎಂದು ಕೇಳಿದಳು. ಶಾಲೆಯಲ್ಲಿ ಬರೆದು ತರಲು ಹೇಳಿದ್ದರಂತೆ. ಬಹುಮಾನ, ಪ್ರಶಸ್ತಿ, ಪುರಸ್ಕಾರ, ಪಾರಿತೋಷಕ ಎಂದು ನಾಲ್ಕು ಹೇಳಿ ಕಳಿಸಬಹುದಿತ್ತು. ಆದರೆ ಜಗಲಿಯಲ್ಲಿ ಇನ್ನೂ ಇಬ್ಬರಿದ್ದರಲ್ಲ! ಒಬ್ಬರು ಇನಾಮು ಎಂದರು, ಇನ್ನೊಬ್ಬರು ಭಕ್ಷೀಸು ಎಂದರು. ಕಳ್ಳನ ಸುಳಿವು ಕೊಟ್ಟವರಿಗೆ ಸಿಗುವುದು ಇನಾಮು, ಸಾಮಾನು ಹೊತ್ತು ತಂದವನ ಕೈಗೆ ಹಾಕುವುದು ಭಕ್ಷೀಸು. ಇಡೀ ರಾತ್ರಿ ಹಾಡಿದ ಭಾಗವತರಿಗೆ ಇವೆರಡೂ ಆಗದು. ಅವರಿಗೆ ಸಂಭಾವನೆಯೇ ಆಗಬೇಕು. ಹೋಮ ಮಾಡಿಸಿದ ಭಟ್ಟರಿಗೆ ದಕ್ಷಿಣೆ. ಹಾಗಾದರೆ ದೇವರು ಕೊಡುವ ಅಪ್ಪ? ಅದು ಪ್ರಸಾದ. ಏನೂ ಗೆಲ್ಲದವನಿಗೂ ಅದು ಸಿಗುತ್ತದೆ, ಅದೇ ಅದರ ದೊಡ್ಡತನ.

ಹುಡುಗಿ ಪಟ್ಟಿ ಬರೆದುಕೊಂಡು ಹೋದಳು. ನನಗೆ ಮಾತ್ರ ಹಳೆಯ ಶಾಸನಗಳ ನೆನಪು ಶುರುವಾಯಿತು. ಅಲ್ಲಿ ‘ಕೊಡಗೆ’ ಎಂಬ ಮಾತಿದೆ. ಊರಿಗಾಗಿ ಹೋರಾಡಿ ಸತ್ತವನ ಮನೆಯವರಿಗೆ ಬಿಟ್ಟ ಭೂಮಿ ನೆತ್ತರುಗೊಡಗೆ. ಕೆರೆ ಕಟ್ಟಿಸಿದವನಿಗೂ ಅದನ್ನು ನೋಡಿಕೊಂಡವನಿಗೂ ಕೊಟ್ಟದ್ದು ಕಟ್ಟುಗೊಡಗೆ, ಕೆರೆಗೊಡಗೆ. ವೀರನ ಕತ್ತಿ ತೊಳೆದು ಗೌರವಿಸಿ ಕೊಟ್ಟದ್ದು ಬಾಳ್ಗಚ್ಚು. ಬಾಳ್ ಎಂದರೆ ಕತ್ತಿ. ಹೆಸರು ಕೇಳಿದರೆ ಸಾಕು, ಪಡೆದವನು ಏನು ಮಾಡಿದ್ದನೆಂದು ಗೊತ್ತಾಗುತ್ತಿತ್ತು. ಇದು ನನಗೆ ಬಹಳ ಇಷ್ಟವಾದ ಸಂಗತಿ.

ಬಾಳ್ಗಚ್ಚು ಎಂದೊಡನೆ ಆತಕೂರಿನ ಕಲ್ಲನ್ನು ಹೇಳದೆ ಮುಂದೆ ಹೋಗಲಾರೆ. 949ರ ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ರಾಷ್ಟ್ರಕೂಟ ಮೂರನೆಯ ಕೃಷ್ಣ ಮೆಚ್ಚಿ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು ಎಂದು ನಾಡುನಾಡುಗಳನ್ನೇ ಕೊಟ್ಟ. ಬೂತುಗನ ಪರವಾಗಿ ಕಾದಾಡಿದವನು ಮಣಲೆರ. ಏನು ಬೇಕೋ ಕೇಳು ಎಂದರೆ ಅವನು ಕೇಳಿದ್ದೇನು ಗೊತ್ತೇ? ಕಾಳಿ ಎಂಬ ಬೇಟೆನಾಯಿ! ಊರು ಬೇಡ, ಹೊನ್ನು ಬೇಡ, ಆ ನಾಯಿ ಬೇಕು. ಕೊಟ್ಟರು. ಮುಂದೆ ಆ ನಾಯಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಸತ್ತವು. ಮಣಲೆರ ಆತಕೂರಿನ ಗುಡಿಯ ಮುಂದೆ ಕಾಳಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಪೂಜೆ ಮಾಡದೆ ಉಂಡರೆ ಗುಡಿಯ ಪೂಜಾರಿ ಗೊರವನಿಗೆ ನಾಯಿ ಮಾಡಿದ ಪಾಪ ಎಂದೂ ಬರೆಸಿದ. ನಾಯಿ ಹಂದಿಗಳ ಕಾದಾಟವೂ ಆ ಕಲ್ಲಿನಲ್ಲಿದೆ. ಬೂತುಗ ಕೊನೆಗೆ ಮಣಲೆರನಿಗೆ ಊರುಗಳನ್ನೂ ಬಾಳ್ಗಚ್ಚಾಗಿ ಕೊಟ್ಟ. ಆದರೆ ಸಾವಿರ ವರ್ಷ ದಾಟಿ ನಾವಿಂದು ಹೇಳಿಕೊಳ್ಳುತ್ತಿರುವುದು ನಾಯಿಯ ಕಥೆಯನ್ನು.

ತಕ್ಕೋಲದ ಯುದ್ಧಕ್ಕೆ ಕೆಲವೇ ವರ್ಷ ಮೊದಲು ಕವಿ ಪಂಪನಿಗೆ ಅರಿಕೇಸರಿ ಧರ್ಮವುರ ಎಂಬ ಅಗ್ರಹಾರ ಕೊಟ್ಟ. ರನ್ನನಿಗೆ ಚಾಲುಕ್ಯ ತೈಲಪ ಕವಿಚಕ್ರವರ್ತಿ ಎಂದ. ನಮ್ಮ ಜಿಲ್ಲೆಯ ದಕ್ಷಿಣಕ್ಕೆ ಹೋದರೆ, ತೆಯ್ಯಂ ಕಟ್ಟುವವರಿಗೆ ‘ಪಟ್ಟುಂ ವಳಯುಂ’ ಎಂಬ ಗೌರವ ಈಗಲೂ ಉಂಟು. ರೇಷ್ಮೆ ವಸ್ತ್ರ ಮತ್ತು ಬಳೆ. ಆ ಬಳೆ ಕೈಯಲ್ಲಿದ್ದರೆ ಇವರು ಯಾರೆಂದು ಯಾರೂ ಕೇಳಬೇಕಾಗಿಲ್ಲ.

ಮಂಜೇಶ್ವರದ ಗೋವಿಂದ ಪೈಗಳಿಗೆ ರಾಷ್ಟ್ರಕವಿ ಬಿರುದು ಬಂದದ್ದು 1949ರಲ್ಲಿ, ಮದರಾಸು ಸರಕಾರದಿಂದ. ಏಳು ವರ್ಷ ಕಳೆದು ರಾಜ್ಯಗಳು ಬೇರೆಯಾದಾಗ ಮಂಜೇಶ್ವರ ಕೇರಳಕ್ಕೆ ಸೇರಿತು. ಕೊಟ್ಟ ಪ್ರಾಂತ್ಯವೇ ಮೊದಲಿನ ಹಾಗೆ ಉಳಿಯಲಿಲ್ಲ, ಪೈಗಳ ಹೆಸರಿನ ಹಿಂದೆ ಬಿರುದು ಉಳಿಯಿತು. ಕಿಟೆಲ್ಲರದ್ದು ಇನ್ನೊಂದು ಬಗೆ. 1894ರಲ್ಲಿ ಮಂಗಳೂರಿನಲ್ಲಿ ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾಯಿತು. ಅದಕ್ಕೆ ಮನ್ನಣೆಯಾಗಿ 1896ರಲ್ಲಿ ಡಾಕ್ಟರೇಟ್ ಕೊಟ್ಟದ್ದು ದೂರದ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯ. ನಮ್ಮ ಶಬ್ದಗಳನ್ನು ಒಂದೊಂದಾಗಿ ಹೆಕ್ಕಿದವರಿಗೆ ಅಲ್ಲಿಯವರು ಸಲ್ಲಿಸಿದ ಗೌರವ! ನೆನೆದಾಗಲೆಲ್ಲ ಮನಸ್ಸು ತುಂಬುತ್ತದೆ.

ಈಗ ಶಾಲೆಗಳಿಗೆ ಬನ್ನಿ. ಕೇರಳದ ಶಾಲಾ ಕಲೋತ್ಸವದಲ್ಲಿ ಗೆದ್ದ ಜಿಲ್ಲೆಗೆ ನೂರಾ ಹದಿನೇಳೂವರೆ ಪವನಿನ ಚಿನ್ನದ ಕಪ್ ಉಂಟು. 2019ರಲ್ಲಿ ಆ ಉತ್ಸವ ನಮ್ಮ ಕಾಞಂಗಾಡಿನಲ್ಲೇ ನಡೆಯಿತು. ಅದರಲ್ಲಿ ಯಕ್ಷಗಾನ ಉಂಟು, ಕನ್ನಡ ಪದ್ಯ ಉಂಟು, ಕನ್ನಡ ಭಾಷಣ ಉಂಟು. ಕಾಸರಗೋಡಿನ ಕನ್ನಡ ಮಕ್ಕಳಿಗೆ ಇದು ಸಣ್ಣ ವಿಷಯವಲ್ಲ. ಆದರೆ ನಮ್ಮ ಊರ ಶಾಲೆಯ ವಾರ್ಷಿಕೋತ್ಸವದಲ್ಲಿ, ಯುವಕ ಮಂಡಲದ ಸಭೆಯಲ್ಲಿ ಮಗುವಿನ ಕೈಗೆ ಕೊಡುವುದೇನು? ಮೊದಲು ಸ್ಟೀಲಿನ ಲೋಟ, ಸೋಪಿನ ಡಬ್ಬಿ. ಈಗ ಪ್ಲಾಸ್ಟಿಕ್ಕಿನ ಕಪ್. ಲೋಟವಾದರೂ ಹಲವು ವರ್ಷ ಚಾಯ ಕುಡಿಯಲು ಒದಗುತ್ತಿತ್ತು. ಕಪ್ಪಿನ ಚಿನ್ನದ ಬಣ್ಣ ಮುಂದಿನ ಮಳೆಗಾಲಕ್ಕೇ ಎದ್ದುಹೋಗುತ್ತದೆ. ಅದರ ಮೇಲೆ ಮಗುವಿನ ಹೆಸರೂ ಇರುವುದಿಲ್ಲ, ಯಾತಕ್ಕೆ ಸಿಕ್ಕಿದ್ದೆಂದೂ ಇರುವುದಿಲ್ಲ.

ನೀವು ಅಂಥ ಯಾವುದಾದರೂ ಸಮಿತಿಯಲ್ಲಿದ್ದರೆ ಒಂದು ಕೋರಿಕೆ. ಈ ವರ್ಷ ಕಪ್ಪಿನ ಬದಲು ಒಂದು ಕನ್ನಡ ಪುಸ್ತಕ ಕೊಡಿ, ಅದರಲ್ಲೂ ನಿಘಂಟನ್ನೇ ಕೊಡಿ. ಮೊದಲ ಪುಟದಲ್ಲಿ ಮಗುವಿನ ಹೆಸರು, ತಾರೀಕು, ಅದು ಏನು ಮಾಡಿ ಈ ಬಹುಮಾನ ಪಡೆಯಿತು ಎಂಬುದನ್ನು ಶಾಯಿಯಲ್ಲಿ ಚಂದಕ್ಕೆ ಬರೆಸಿ.