ಮಂಟಪದ ಯಂತ್ರವೂ ಮನೆಯ ಸಂಗೀತವೂ

ಗಾಯಕನ ಕಂಠದಲ್ಲಿ ಎಷ್ಟು ಬಲವಿದೆಯೆಂಬುದು ಅವನು ಏರುದನಿಯಲ್ಲಿ ಹಾಡಿದಾಗ ತಿಳಿಯುವುದಕ್ಕಿಂತ ಮೆಲ್ಲನೆ ಹಾಡಿದಾಗ ಹೆಚ್ಚು ಚೆನ್ನಾಗಿ ತಿಳಿಯುತ್ತದೆ. ದಮ್ಮು ಸಾಲದವನು ಮಂದ್ರಕ್ಕೆ ಇಳಿದೊಡನೆ ನಡುಗುತ್ತಾನೆ, ತಾರಕ್ಕೆ ಏರಿದೊಡನೆ ಕಿರುಚುತ್ತಾನೆ. ಮನೆಯಲ್ಲಿ ಸಂಗೀತವನ್ನು ಕೇಳಿಸುವ ಯಂತ್ರಗಳಿಗೂ ಈ ಮಾತು ಸಲ್ಲುವುದು. ಮದುವೆಯ ಮಂಟಪ, ಸಭೆ, ನಾಟಕಶಾಲೆಗಳಿಗೆಂದು ಮಾಡಿದ ಆಂಪ್ಲಿಫೈಯರನ್ನು ಗೃಹಸ್ಥನು ತನ್ನ ಪಡಸಾಲೆಗೆ ತರಬಹುದೆ, ತಂದರೆ ಸುಖವುಂಟೆ ಎಂಬ ಪ್ರಶ್ನೆಯನ್ನು ವಿಚಾರಿಸುವಾಗ ಈ ಬಲದ ತತ್ತ್ವವನ್ನು ಮರೆಯಲಾಗದು.

ಆದರೆ ಪ್ರಶ್ನೆಯು ಹುಟ್ಟುವುದು ತತ್ತ್ವದಿಂದಲ್ಲ, ಹಣದ ಚೀಲದಿಂದ. ಸಂಬಳದಲ್ಲಿ ಸಂಸಾರ ನಡೆಸುವ ಒಬ್ಬ ಸಂಗೀತಪ್ರಿಯನನ್ನು ನೆನೆಯೋಣ. ಬಹುಕಾಲ ಆಸೆಪಟ್ಟು ಒಳ್ಳೆಯ ಜೋಡಿ ಸ್ಪೀಕರುಗಳನ್ನು ಕೊಂಡಿದ್ದಾನೆ. ಅವಕ್ಕೆ ತಕ್ಕ ಆಂಪ್ಲಿಫೈಯರಿಗಾಗಿ ದೊಡ್ಡ ಅಂಗಡಿಗೆ ಹೋದರೆ, ಮಗಳ ಕಾಲೇಜಿನ ಶುಲ್ಕದಷ್ಟು ಬೆಲೆ ಹೇಳುತ್ತಾರೆ. ಪೇಟೆಯ ಇನ್ನೊಂದು ಬೀದಿಯಲ್ಲಿ ಮೈಕ್‌ಸೆಟ್ಟಿನ ಅಂಗಡಿಯವನು ಅದರ ಕಾಲುಭಾಗದ ಹಣಕ್ಕೆ ಎರಡರಷ್ಟು ವ್ಯಾಟಿನ ಕಪ್ಪು ಪೆಟ್ಟಿಗೆಯನ್ನು ಮುಂದಿಟ್ಟು, “ಸ್ವಾಮಿ, ಇದು ಜಾತ್ರೆಯಲ್ಲಿ ರಾತ್ರಿಯೆಲ್ಲಾ ದುಡಿಯುತ್ತೆ; ನಿಮ್ಮ ಮನೆಯಲ್ಲಿ ಇದಕ್ಕೇನು ಕೆಲಸ?” ಎನ್ನುತ್ತಾನೆ. ಗೃಹಸ್ಥನ ಮನಸ್ಸು ತೂಗುಯ್ಯಾಲೆಯಾಗುತ್ತದೆ. ಇಲ್ಲಿಯ ಬೆಲೆ ನ್ಯಾಯವಾದರೆ ಅಲ್ಲಿಯದು ಅನ್ಯಾಯ. ಅಲ್ಲಿಯದು ನ್ಯಾಯವಾದರೆ ಇಲ್ಲಿಯ ಸರಕಿನಲ್ಲಿ ಏನೋ ಕೊರತೆಯಿರಬೇಕು!

ವಾಸ್ತವವಾಗಿ ಎರಡೂ ಕಡೆ ಮೋಸವಿರಬೇಕಾಗಿಲ್ಲ. ಬಾಡಿಗೆಗೆ ಓಡಾಡುವ ಯಂತ್ರಕ್ಕೆ ಅಂದವಾದ ಮುಖಫಲಕ ಬೇಡ. ಅದು ಗಟ್ಟಿಯಾಗಿರಬೇಕು, ಕೆಲಸ ನಿಲ್ಲಿಸಬಾರದು. ಅಂಥವನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸುತ್ತಾರೆ. ಈಚಿನವುಗಳಲ್ಲಿ ಹಲವು ‘ಕ್ಲಾಸ್ ಡಿ’ ಎಂಬ ಕ್ರಮದವು. ಇವುಗಳಲ್ಲಿ ಟ್ರಾನ್ಸಿಸ್ಟರುಗಳು ಕ್ಷಣಕ್ಷಣಕ್ಕೂ ಪೂರ್ತಿ ತೆರೆದು ಪೂರ್ತಿ ಮುಚ್ಚುವುದರಿಂದ ವಿದ್ಯುತ್ತು ಶಾಖವಾಗಿ ವ್ಯರ್ಥವಾಗುವುದು ಕಡಿಮೆ. ಆದಕಾರಣ ದೊಡ್ಡ ಶಾಖಫಲಕಗಳೂ ಭಾರವಾದ ಟ್ರಾನ್ಸ್‌ಫಾರ್ಮರೂ ತಪ್ಪಿ, ಬೆಲೆಯೂ ತೂಕವೂ ಇಳಿದಿವೆ.

ಮಂಟಪಕ್ಕೂ ಮನೆಗೂ ನಡುವಣ ಈ ಗೋಡೆ ಹಿಂದೆಯೂ ಅಷ್ಟೇನೂ ಎತ್ತರವಾಗಿರಲಿಲ್ಲ. 1947ರಲ್ಲಿ ಇಂಗ್ಲೆಂಡಿನ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಡಿ. ಟಿ. ಎನ್. ವಿಲಿಯಂಸನ್ ಎಂಬಾತನು ಪ್ರಕಟಿಸಿದ ಕವಾಟದ ಆಂಪ್ಲಿಫೈಯರು 15 ವ್ಯಾಟಿನದು. ಅನೇಕ ಹವ್ಯಾಸಿಗಳು ಅದನ್ನು ಕೈಯಾರೆ ಕಟ್ಟಿಕೊಂಡು ಅದರ ಶುದ್ಧಿಗೆ ಬೆರಗಾದರು. ಇಪ್ಪತ್ತು ವರ್ಷಗಳ ತರುವಾಯ, 1967ರಲ್ಲಿ, ಅಮೆರಿಕದ ಕ್ರೌನ್ ಸಂಸ್ಥೆಯವರು ‘ಡಿಸಿ 300’ ಎಂಬ ಟ್ರಾನ್ಸಿಸ್ಟರಿನ ಆಂಪ್ಲಿಫೈಯರನ್ನು ಹೊರತಂದರು. ಒಂದೊಂದು ಪಕ್ಕಕ್ಕೆ 150 ವ್ಯಾಟು ಕೊಡುತ್ತಿದ್ದ ಅದು ಕಲಾಶಾಲೆಗಳನ್ನೂ ಧ್ವನಿಮುದ್ರಣಾಲಯಗಳನ್ನೂ ಸೇರಿದಂತೆಯೇ ಸಂಗೀತಾಸಕ್ತರ ಮನೆಗಳನ್ನೂ ಸೇರಿತು.

ಕವಾಟದ ಕಾಲದ ಸಾಮಾನ್ಯ ರೇಡಿಯೋ ಮೂರು ನಾಲ್ಕು ವ್ಯಾಟಿನಲ್ಲೇ ಮನೆಮಂದಿಗೆಲ್ಲ ಹಾಡು ಕೇಳಿಸುತ್ತಿತ್ತು. ಹಾಗಿದ್ದಮೇಲೆ ಇನ್ನೂರು ವ್ಯಾಟೇಕೆ? ಇದಕ್ಕೆ ಉತ್ತರವನ್ನು ಗಣಿತದಲ್ಲಿ ನೋಡಬೇಕು. ಸಾಧಾರಣ ಸ್ಪೀಕರೊಂದು ಒಂದು ವ್ಯಾಟಿಗೆ ಒಂದು ಮೀಟರು ದೂರದಲ್ಲಿ ಸುಮಾರು 87 ಡೆಸಿಬೆಲ್ ಶಬ್ದ ಮಾಡುವುದು. ಮನೆಯ ಸಂಗೀತಕ್ಕೆ ಸರಾಸರಿಯಲ್ಲಿ ಇಷ್ಟೂ ಬೇಡ. ಆದರೆ ಮೃದಂಗದ ತೀರ್ಮಾನದಲ್ಲಿಯೋ ತಬಲಾದ ಒಂದು ಬಲವಾದ ಪೆಟ್ಟಿನಲ್ಲಿಯೋ ಶಬ್ದವು ಕ್ಷಣಮಾತ್ರ 20 ಡೆಸಿಬೆಲ್ ಮೇಲಕ್ಕೆ ಹಾರಬಹುದು. 20 ಡೆಸಿಬೆಲ್ ಎಂದರೆ ಶಕ್ತಿಯಲ್ಲಿ ನೂರರಷ್ಟು. ಸರಾಸರಿ ಒಂದು ವ್ಯಾಟು ನಡೆಯುತ್ತಿದ್ದರೆ ಆ ಪೆಟ್ಟಿಗೆ ನೂರು ವ್ಯಾಟು ಬೇಕು. ಇಲ್ಲದ ಯಂತ್ರವು ಅಲೆಯ ಶಿಖರವನ್ನು ಕತ್ತರಿಸಿ ಚಪ್ಪಟೆಮಾಡುವುದು, ಧ್ವನಿ ಒರಟಾಗುವುದು, ಜೋರಾಗಿ ಬಹಳ ಹೊತ್ತು ಹೀಗೆಯೇ ನಡೆದರೆ ಸ್ಪೀಕರಿನ ಸೂಕ್ಷ್ಮವಾದ ಟ್ವೀಟರು ಸುಟ್ಟೂ ಹೋಗಬಹುದು. ದೊಡ್ಡ ಯಂತ್ರದ ಉಪಯೋಗವು ಹೆಚ್ಚು ಶಬ್ದವಲ್ಲ, ಕ್ಷಣಕ್ಕೊಮ್ಮೆ ಬೇಕಾಗುವ ಈ ಮೀಸಲು ಬಲ. ಶಕ್ತಿಯನ್ನು ಇಮ್ಮಡಿಸಿದರೆ ಏರುವುದು ಮೂರೇ ಡೆಸಿಬೆಲ್ ಎಂಬುದನ್ನು ನೆನೆದರೆ, ನೂರಕ್ಕೂ ಇನ್ನೂರಕ್ಕೂ ಇರುವ ಭೇದವನ್ನು ಹೊಗಳಿ ಬೆಲೆಯೇರಿಸುವ ಮಾತಿಗೆ ಕಿವಿಗೊಡಬೇಕಾಗಿಲ್ಲ.

ಇನ್ನು ದೋಷಗಳು. ಮೊದಲನೆಯದು ಫ್ಯಾನು. ಮಂಟಪದ ಗದ್ದಲದಲ್ಲಿ ಕೇಳದ ಅದರ ಸುಯ್ಲು ರಾತ್ರಿಯ ಪಡಸಾಲೆಯಲ್ಲಿ ಕೇಳುವುದು. ಯಜಮಾನನು ಹೊಸ ವಸ್ತುವಿನ ಹೆಮ್ಮೆಯಲ್ಲಿ ಇದನ್ನು ಗಮನಿಸದಿರಬಹುದು, ಅಡುಗೆಮನೆಯಿಂದ ಬಂದು ಐದು ನಿಮಿಷ ಕುಳಿತ ಗೃಹಿಣಿ, “ತಂಬೂರಿಯ ಹಿಂದೆ ಯಾರೋ ಉಸಿರು ಬಿಡುತ್ತಿದ್ದಾರಲ್ಲಾ!” ಎಂದುಬಿಡುತ್ತಾಳೆ. ಆಕೆಯ ಮಾತೇ ಸರಿಯಾದ ಪರೀಕ್ಷೆ. ಆದುದರಿಂದ ಫ್ಯಾನಿಲ್ಲದ, ಅಥವಾ ಬಿಸಿಯಾದಾಗ ಮಾತ್ರ ಫ್ಯಾನು ತಿರುಗುವ ಯಂತ್ರವನ್ನು ಆರಿಸಬೇಕು. ಅದನ್ನು ಮುಚ್ಚಿದ ಬೀರುವಿನಲ್ಲಿ ಇಟ್ಟರೆ ಗಾಳಿ ಸಾಲದೆ ಕೆಡುವುದು.

ಎರಡನೆಯದು ಸಂಪರ್ಕ. ಮನೆಯ ಆಂಪ್ಲಿಫೈಯರಿನಲ್ಲಿ ಶಬ್ದವನ್ನು ಏರಿಸಿ ಇಳಿಸುವ, ಹಾಡಿನ ಮೂಲವನ್ನು ಆರಿಸುವ ಭಾಗಗಳೂ ಸೇರಿರುತ್ತವೆ. ಮಂಟಪದ್ದರಲ್ಲಿ ಬರಿಯ ಬಲವಷ್ಟೇ. ಅದಕ್ಕೆ ಮುಂದೊಂದು ಪ್ರಿ-ಆಂಪ್ಲಿಫೈಯರು ಬೇಕು. ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ವೃತ್ತಿಯವರ ಸಲಕರಣೆಗಳ ವಾಡಿಕೆಯ ಮಟ್ಟ ಸುಮಾರು 1.23 ವೋಲ್ಟು, ಮನೆಯವುಗಳದು 0.32 ವೋಲ್ಟು. ಆದಕಾರಣ ಕೆಲವು ವೇಳೆ ಹೊಸ ಯಂತ್ರವು ಬಲಹೀನವೆಂದು ತೋರುವುದುಂಟು. ಸಿಡಿ ಪ್ಲೇಯರು ಮಾತ್ರ ಸಾಮಾನ್ಯವಾಗಿ ಎರಡು ವೋಲ್ಟು ಕೊಡುವುದರಿಂದ ಅಲ್ಲಿ ಈ ತೊಡಕಿಲ್ಲ.

ಮೂರನೆಯದು ಹೆಚ್ಚು ಗಂಭೀರವಾದುದು. ಎರಡು ಯಂತ್ರಗಳು ಎರಡು ದಾರಿಗಳಲ್ಲಿ ಭೂಮಿಯನ್ನು ಮುಟ್ಟಿದಾಗ ಸ್ಪೀಕರಿನಲ್ಲಿ ಒಂದೇಸಮನೆ ಗುಂಯ್‌ಗುಡುವ ಸದ್ದು ಹುಟ್ಟಬಹುದು. ಪ್ಲಗ್ಗಿನ ಭೂಸಂಪರ್ಕದ ಕಡ್ಡಿಯನ್ನೇ ಕಿತ್ತರೆ ಸದ್ದು ನಿಲ್ಲುವುದೆಂದು ಸಲಹೆ ಕೊಡುವವರುಂಟು. ಸದ್ದೇನೋ ನಿಲ್ಲಬಹುದು, ಆದರೆ ಒಳಗೆ ತಂತಿಯೊಂದು ಕಳಚಿ ಲೋಹದ ಪೆಟ್ಟಿಗೆಯನ್ನು ತಾಗಿದ ದಿನ, ಅದನ್ನು ಮುಟ್ಟಿದ ಮಗುವಿನ ಪ್ರಾಣಕ್ಕೆ ಅಡ್ಡಬರುವವರಿಲ್ಲ. ಎಲ್ಲ ಯಂತ್ರಗಳನ್ನೂ ಒಂದೇ ಸಾಕೆಟ್ಟಿನ ಹಲಗೆಯಿಂದ ನಡೆಸುವುದು, ಅದಕ್ಕೂ ಬಗ್ಗದಿದ್ದರೆ ಧ್ವನಿಯ ತಂತಿಯ ನಡುವೆ ಸಣ್ಣ ಐಸೊಲೇಷನ್ ಟ್ರಾನ್ಸ್‌ಫಾರ್ಮರು ಇಡುವುದು, ಇವೇ ಯೋಗ್ಯವಾದ ಉಪಾಯಗಳು. ಆಂಪ್ಲಿಫೈಯರನ್ನು ಎಲ್ಲಕ್ಕೂ ಕಡೆಯಲ್ಲಿ ಹಾಕಿ ಎಲ್ಲಕ್ಕೂ ಮೊದಲು ಆರಿಸುವ ರೂಢಿಯಿದ್ದರೆ ಸ್ಪೀಕರುಗಳಿಗೆ ಆಘಾತ ತಪ್ಪುವುದು.

ಬಲವನ್ನು ತಂದವನು ಸಂಯಮವನ್ನೂ ತರಬೇಕು. 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಕೇಳಬಾರದೆಂದೂ, ಮುಂದೆ ಮೂರು ಮೂರು ಡೆಸಿಬೆಲ್ಲಿಗೆ ಆ ಕಾಲವನ್ನು ಅರ್ಧರ್ಧಮಾಡಬೇಕೆಂದೂ ಶ್ರವಣರಕ್ಷಣೆಯ ಒಂದು ಪ್ರಸಿದ್ಧ ನಿಯಮ. ಸಣ್ಣ ಯಂತ್ರವು ಮಿತಿ ಮೀರಿದಾಗ ಒರಟಾಗಿ ಎಚ್ಚರಿಸುತ್ತದೆ. ದೊಡ್ಡ ಯಂತ್ರವು ಮಧುರವಾಗಿಯೇ ಕಿವಿಯನ್ನು ಸವೆಸಬಲ್ಲದು. ಸ್ಪೀಕರು ಸುಟ್ಟರೆ ಮತ್ತೊಂದನ್ನು ಕೊಳ್ಳಬಹುದು, ಕಿವಿಗೆ ಅಂಗಡಿಯಿಲ್ಲ. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಹುಡುಗನೂ ನಿದ್ರೆ ಬಾರದ ಮುದುಕರೂ ಇರುವುದನ್ನು ಮರೆಯುವುದು ರಸಿಕತೆಯಲ್ಲ.

ಇವಿಷ್ಟನ್ನೂ ಅರಿತು ನಡೆವ ಗೃಹಸ್ಥನು ಕಪ್ಪು ಪೆಟ್ಟಿಗೆಯನ್ನು ನಿಸ್ಸಂಕೋಚವಾಗಿ ಮನೆಗೆ ತರಬಹುದು. ನೆಂಟರು ಬಂದಾಗ ಅದನ್ನು ತೋರಿಸಿ ಮೆರೆಯಲಾಗದು, ನಿಜ. ಮಗಳ ಶುಲ್ಕದ ಹಣ ಮಾತ್ರ ಪೆಟ್ಟಿಗೆಯಲ್ಲಿ ಉಳಿದಿರುತ್ತದೆ. ಕೊಳ್ಳುವ ಮುನ್ನ ಅದರ ಮೇಲೆ ಅಬ್ಬರದ ಸಂಗೀತವನ್ನು ಹಾಕಿ ನೋಡುವುದು ವ್ಯರ್ಥ. ಆಲಾಪನೆಯೊಂದನ್ನು ಸಣ್ಣ ದನಿಯಲ್ಲಿ ಹಾಕಿ, ಗಾಯಕನು ಉಸಿರೆಳೆದುಕೊಳ್ಳಲು ನಿಂತ ಎಡೆಯಲ್ಲಿ ಕಿವಿಗೊಡಬೇಕು. ಅಲ್ಲಿ ತಂಬೂರಿಯ ಶ್ರುತಿಯ ಹೊರತು ಮತ್ತೇನೂ ಕೇಳಿಸದಿದ್ದರೆ, ಜಾತ್ರೆಗೆ ಹುಟ್ಟಿದ ಆ ಯಂತ್ರವು ಮನೆಯ ಮರ್ಯಾದೆಯನ್ನು ಕಲಿತಿದೆಯೆಂದು ತಿಳಿಯಬಹುದು.